ಹೆದ್ದಾರಿಯೇ ಕಣಜವಾದ ಕಾಲ

(ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ನಾನಿಡಬೇಕೆಂದಿರುವ ವಿಷಯವು ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರತಕ್ಕದ್ದಲ್ಲ. ಸಾಹಿತ್ಯ, ಶಿಕ್ಷಣ, ರಾಜ್ಯಾಡಳಿತ ಇವುಗಳನ್ನು ಕುರಿತು ನಾವು ಬಹಳ ಮಾತನಾಡಿದ್ದೇವೆ, ಇನ್ನೂ ಮಾತನಾಡುವೆವು. ಆದರೆ ಹಗಲಿರುಳೂ ನಮ್ಮ ಊರಿನ ಅಂಚಿನಲ್ಲಿ ಹೊಗೆಯನ್ನೂ ಧೂಳನ್ನೂ ಎಬ್ಬಿಸುತ್ತ ಸಾಗುವ ಸರಕಿನ ಲಾರಿಯನ್ನು ಕುರಿತು ಮಾತನಾಡಲು ಯಾರೂ ಎದ್ದು ನಿಲ್ಲುವುದಿಲ್ಲ. ಅದು ದಾರಿ ಬಿಡದಿದ್ದರೆ ಬಯ್ಯುತ್ತೇವೆ. ದಾರಿ ಬಿಟ್ಟರೆ ಮರೆಯುತ್ತೇವೆ. ಅದಕ್ಕೂ ನಮ್ಮ ಊಟಕ್ಕೂ ಇರುವ ಸಂಬಂಧವು ಅದು ನಿಂತ ದಿನವಲ್ಲದೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ತಾವು ಈ ಹೊತ್ತು ಮನೆಗೆ ಹೋದ ಮೇಲೆ ಅಡಿಗೆಯ ಮನೆಯಲ್ಲಿ ನಿಂತು ಒಂದು ಸಣ್ಣ ಲೆಕ್ಕವನ್ನು ಹಾಕಿರಿ. ತೊಗರಿಬೇಳೆ ಕಲಬುರಗಿಯ ಕಡೆಯದು. ಮೆಣಸಿನಕಾಯಿ ಬ್ಯಾಡಗಿಯ ಪೇಟೆಯದು. ಬೆಲ್ಲ ಮಂಡ್ಯದ ಆಲೆಮನೆಯದು. ಉಪ್ಪು ಗುಜರಾತಿನ ಕಡಲ ತೀರದ್ದು. ಒಲೆಯ ಅನಿಲವೋ ಯಾವ ದೇಶದಿಂದ ಹಡಗೇರಿ ಬಂದುದೆಂದು ಬಲ್ಲವರಾರು? ಮಕ್ಕಳು ಬರೆಯುವ ಕಾಗದ, ತಾವು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ, ವೃದ್ಧರಾದ ತಂದೆತಾಯಿಗಳು ನುಂಗುವ ಗುಳಿಗೆ ಇವೆಲ್ಲವೂ ಎಲ್ಲಿಂದಲೋ ಹೊತ್ತು ತಂದವುಗಳೇ. ರೈಲಿನಲ್ಲಿ ಬಂದುದೂ ಹಡಗಿನಲ್ಲಿ ಬಂದುದೂ ಕಡೆಯ ಮಜಲನ್ನು ಲಾರಿಯಲ್ಲಿಯೇ ದಾಟಿ ನಮ್ಮ ಅಂಗಡಿಯ ಬಾಗಿಲಿಗೆ ಬರತಕ್ಕದ್ದು. ಲಾರಿಯನ್ನು ಏರದೆ ನಮ್ಮ ಮನೆಯನ್ನು ಸೇರಿದ ಪದಾರ್ಥ ಯಾವುದೆಂದು ಹುಡುಕಿದರೆ, ಹಿತ್ತಿಲಿನ ಕರಿಬೇವಿನ ಸೊಪ್ಪಲ್ಲದೆ ಹೆಚ್ಚೇನೂ ಸಿಕ್ಕಲಾರದು.

ನನ್ನ ಮಾತಿನ ತಾತ್ಪರ್ಯವೇನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪದಾರ್ಥವು ಇರುವುದು ಬೇರೆ, ಅದು ನಮ್ಮಲ್ಲಿಗೆ ಬಂದು ಮುಟ್ಟುವುದು ಬೇರೆ. ನಮ್ಮ ಹಿರಿಯರು ಇದನ್ನು ನೋವು ತಿಂದು ಕಲಿತಿದ್ದರು; ನಾವು ಸುಖದಲ್ಲಿ ಅದನ್ನು ಮರೆತಿದ್ದೇವೆ. ಊರೂರಿಗೆ ಇದ್ದ ಕಣಜಗಳನ್ನು ತೆಗೆದು, ಹೆದ್ದಾರಿಯನ್ನೇ ಕಣಜವನ್ನಾಗಿ ಮಾಡಿಕೊಂಡಿದ್ದೇವೆ. ಆದರೆ ಆ ಕಣಜಕ್ಕೆ ಕಾವಲನ್ನಾಗಲಿ, ಅದನ್ನು ನಡೆಯಿಸುವ ಮನುಷ್ಯನಿಗೆ ಗೌರವವನ್ನಾಗಲಿ ಕೊಟ್ಟಿಲ್ಲ.

ಹಿಂದಿನ ಕಾಲದ ಸ್ಥಿತಿಯನ್ನು ಕೊಂಚ ನೆನೆಯೋಣ. ರೈತನ ಮನೆಯಲ್ಲಿ ಕಣಜವಿತ್ತು. ಊರ ಬಯಲಿನಲ್ಲಿ ಹಗೇವುಗಳಿದ್ದುವು. ನೆಲದಲ್ಲಿ ತೋಡಿದ ಆ ಹಗೇವುಗಳಲ್ಲಿ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ದೂರದ ಸಾಗಾಟಕ್ಕೆ ಲಂಬಾಣಿಗಳ ಹೇರೆತ್ತುಗಳ ಸಾಲುಗಳಿದ್ದುವು. ಅವು ಕಡಲ ಕರೆಯಿಂದ ಉಪ್ಪನ್ನು ಘಟ್ಟದ ಮೇಲಕ್ಕೆ ತಂದು, ಬಯಲುಸೀಮೆಯಿಂದ ಧಾನ್ಯವನ್ನು ಕೊಂಡೊಯ್ಯುತ್ತಿದ್ದುವು. ಮುಂದೆ ಘಟ್ಟಗಳಲ್ಲಿ ಗಾಡಿಯ ದಾರಿಗಳಾದ ಮೇಲೆ ಧಾರವಾಡ ಸೀಮೆಯ ಹತ್ತಿಯು ಕುಮಟೆಯ ಬಂದರಿಗೆ ಇಳಿಯುತ್ತಿತ್ತು; ಆದುದರಿಂದಲೇ ಆ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿಯೆಂದೇ ಹೆಸರು ನಿಂತಿತು. ಆ ಸಾಗಾಟ ನಿಧಾನವಾದದ್ದು, ಮಳೆಗಾಲದಲ್ಲಿ ನಿಂತೇಹೋಗುವಂಥದು. ಅದು ನಿಲ್ಲುವುದೆಂದು ಎಲ್ಲರಿಗೂ ತಿಳಿದಿದ್ದುದರಿಂದಲೇ ಮಳೆಗಾಲಕ್ಕೆ ಮುಂಚೆ ಉಪ್ಪು, ಮೆಣಸು, ಬೇಳೆಗಳನ್ನು ಕೂಡಿಡುವ ಪದ್ಧತಿಯು ಮನೆಮನೆಯಲ್ಲಿಯೂ ಬೆಳೆದಿತ್ತು.

ಇದನ್ನು ಹೇಳಿದ ಮಾತ್ರಕ್ಕೆ ಆ ಕಾಲವು ಸತ್ಯಯುಗವಾಗಿತ್ತೆಂದು ನಾನು ಹೇಳುವವನಲ್ಲ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಸೀಮೆ ಇಂದಿಗೂ ಮರೆತಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು 50 ಲಕ್ಷವನ್ನು ಮೀರಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ತಪ್ಪಿದುದು ಮಾತ್ರವೇ ಈ ಅನಾಹುತಕ್ಕೆ ಕಾರಣವೇ? ಅಲ್ಲ. ಆಗ ಬೆಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದಾಗಿತ್ತು. ಆ ರೈಲು ಧಾನ್ಯವನ್ನು ತಂದು ಸುರಿಯುತ್ತಲೂ ಇತ್ತು. ಆದರೆ ರೈಲುನಿಲ್ದಾಣದಿಂದ ಹಳ್ಳಿಗಳಿಗೆ ಅದನ್ನು ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದುವು. ಒಂದು ಕಡೆ ಧಾನ್ಯದ ರಾಶಿ, ಇನ್ನೊಂದು ಕಡೆ ಹಸಿದ ಹೊಟ್ಟೆ, ನಡುವೆ ಹೊರುವವರಿಲ್ಲ! ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲುದಾರಿಯ ಕೆಲಸವು ಆ ಕ್ಷಾಮದ ಕಾಲದಲ್ಲಿಯೇ ಆರಂಭವಾಗಿ 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತೆಂಬುದನ್ನು ನೆನೆದರೆ, ಆಳುವವರಿಗೂ ಪಾಠವು ತಟ್ಟಿತ್ತೆಂದು ತಿಳಿಯಬಹುದು.

ಅಲ್ಲಿಂದ ಮುಂದೆ ಮುಕ್ಕಾಲು ಶತಮಾನ ರೈಲೇ ದೇಶದ ಹೊರೆಯನ್ನು ಹೊತ್ತಿತು. ಸ್ವಾತಂತ್ರ್ಯವು ಬಂದ ಹೊಸದರಲ್ಲಿ ದೂರದ ಸರಕಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲಿನಷ್ಟು ರೈಲಿನಲ್ಲಿಯೇ ಸಾಗುತ್ತಿತ್ತೆಂದು ಲೆಕ್ಕಗಾರರು ಹೇಳುತ್ತಾರೆ. ಇಂದು ಆ ಲೆಕ್ಕವು ತಲೆಕೆಳಗಾಗಿದೆ. ನೀತಿ ಆಯೋಗವು 2021ರಲ್ಲಿ ಹೊರಡಿಸಿದ ವರದಿಯ ಪ್ರಕಾರ ದೇಶದ ಸರಕಿನಲ್ಲಿ ನೂರಕ್ಕೆ 70ರಷ್ಟು ಹೆದ್ದಾರಿಯ ಮೇಲೆಯೇ ಹೋಗುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ರೈಲು ನಿಲ್ದಾಣದಲ್ಲಿ ನಿಲ್ಲುತ್ತದೆ. ಲಾರಿಯು ಮಂಡಿಯ ಬಾಗಿಲಿನಲ್ಲಿ ನಿಲ್ಲುತ್ತದೆ. ರೈಲಿಗೆ ಸರಕನ್ನು ಎರಡು ಮೂರು ಸಲ ಏರಿಸಿ ಇಳಿಸಬೇಕು. ಲಾರಿಗೆ ಹಮಾಲರು ಒಂದು ಸಲ ಏರಿಸಿ ಒಂದು ಸಲ ಇಳಿಸಿದರೆ ಮುಗಿಯಿತು. ಇದರ ಮೇಲೆ 2017ರ ಜುಲೈ 1ರಂದು ಸರಕು ಸೇವಾ ತೆರಿಗೆಯು ಬಂದು, ರಾಜ್ಯ ರಾಜ್ಯಗಳ ಗಡಿಯ ಮಾರಾಟ ತೆರಿಗೆಯ ತನಿಖಾ ಕಟ್ಟೆಗಳು ಎದ್ದುಹೋದುವು. ಲಾರಿಗಳು ಅಲ್ಲಿ ತಾಸುಗಟ್ಟಲೆ ಕಾಯುವುದು ತಪ್ಪಿತು.

ಇದು ನಿಜವಾಗಿಯೂ ಉಪಕಾರವೇ. ಆದರೆ ಈ ಉಪಕಾರದಿಂದ ವರ್ತಕರ ನಡೆಯಲ್ಲಿ ಒಂದು ಬದಲಾವಣೆಯಾಯಿತು. ಅದನ್ನು ತಾವು ಗಮನಿಸಬೇಕು. ಸರಕನ್ನು ಕೂಡಿಡುವುದೆಂದರೆ ಗೋದಾಮಿನ ಬಾಡಿಗೆ, ಹೂಡಿದ ಹಣದ ಬಡ್ಡಿ, ಇಲಿ ಹುಳಗಳ ನಷ್ಟ. ಸಂಜೆ ದೂರವಾಣಿಯಲ್ಲಿ ಹೇಳಿದರೆ ಬೆಳಗಿನ ಒಳಗೆ ಸರಕು ಬರುವುದೆಂದಾದ ಮೇಲೆ ಈ ವೆಚ್ಚವನ್ನೆಲ್ಲ ವರ್ತಕನೇಕೆ ಹೊರಬೇಕು? ಆತನು ದಾಸ್ತಾನನ್ನು ಇಳಿಸಿದ. ಅವನಿಗೆ ಸರಕು ಕೊಡುವ ದೊಡ್ಡ ವರ್ತಕನೂ ಇಳಿಸಿದ. ಔಷಧದ ಅಂಗಡಿಯವನೂ, ಆಸ್ಪತ್ರೆಯವನೂ, ಪೆಟ್ರೋಲು ಬಂಕಿನವನೂ ಹಾಗೆಯೇ ಮಾಡಿದರು. ಒಬ್ಬೊಬ್ಬರನ್ನೇ ವಿಚಾರಿಸಿದರೆ ಎಲ್ಲರೂ ಜಾಣರೇ. ಎಲ್ಲರನ್ನೂ ಕೂಡಿಸಿ ನೋಡಿದರೆ ಊರು ಬರಿಗೈಯಲ್ಲಿ ನಿಂತಿದೆ. ಊರಿನ ದಾಸ್ತಾನು ಎಲ್ಲಿದೆಯೆಂದು ಕೇಳಿದರೆ, ಅದು ಈ ಕ್ಷಣದಲ್ಲಿ ಯಾವುದೋ ಹೆದ್ದಾರಿಯ ಮೇಲೆ ಗಾಲಿಯ ಮೇಲೆ ಉರುಳುತ್ತಿದೆ ಎಂಬುದೇ ಉತ್ತರ. ಗಾಲಿಯು ನಿಂತರೆ ದಾಸ್ತಾನೂ ಅಲ್ಲಿಯೇ ನಿಂತಿತು.

ಗಾಲಿಯು ನಿಲ್ಲುವುದು ಹೇಗೆ? ಮೊದಲನೆಯದಾಗಿ ಪ್ರಕೃತಿಯಿಂದ. ನಮ್ಮ ಪಡುವಣ ಘಟ್ಟಗಳ ಉದಾಹರಣೆಯನ್ನು ತೆಗೆದುಕೊಳ್ಳಿರಿ. ಕರಾವಳಿಗೂ ಬಯಲುಸೀಮೆಗೂ ನಡುವೆ ಕೋಟೆಯಂತೆ ನಿಂತಿರುವ ಈ ಬೆಟ್ಟಗಳಲ್ಲಿ ಭಾರದ ಲಾರಿಗಳು ಹಾಯತಕ್ಕ ದಾರಿಗಳು ಬೆರಳೆಣಿಕೆಯಷ್ಟು. ಆಗುಂಬೆಯ ಕಡಿದಾದ ತಿರುವುಗಳಲ್ಲಿ ಭಾರಿ ವಾಹನಗಳು ಹೋಗತಕ್ಕದ್ದಲ್ಲ. ಆದುದರಿಂದ ಮಂಗಳೂರಿಗೂ ಬೆಂಗಳೂರಿಗೂ ನಡುವಣ ಹೊರೆಯ ಬಹುಭಾಗವನ್ನು ಸಕಲೇಶಪುರದ ಕೆಳಗಿನ ಶಿರಾಡಿ ಘಟ್ಟವೊಂದೇ ಹೊತ್ತಿದೆ. 2015ರಲ್ಲಿಯೂ 2018ರಲ್ಲಿಯೂ ಆ ದಾರಿಗೆ ಕಾಂಕ್ರೀಟು ಹಾಕುವುದಕ್ಕಾಗಿ ತಿಂಗಳುಗಟ್ಟಲೆ ಅದನ್ನು ಮುಚ್ಚಬೇಕಾಯಿತು. 2018ರ ಜುಲೈಯಲ್ಲಿ ಕೆಲಸ ಮುಗಿದು ದಾರಿ ತೆರೆಯಿತೆಂದು ಜನರು ಸಂತೋಷಪಟ್ಟು ಒಂದು ತಿಂಗಳು ಕಳೆಯಲಿಲ್ಲ. ಆಗಸ್ಟಿನ ಮಹಾಮಳೆಗೆ ಗುಡ್ಡಗಳು ಜಾರಿ ಅದು ಮತ್ತೆ ಮುಚ್ಚಿತು. ಅದೇ ಮಳೆಗೆ ಕೊಡಗಿನಲ್ಲಿ ಮಡಿಕೇರಿ ಸಂಪಾಜೆಗಳ ದಾರಿಯೂ ಕುಸಿಯಿತು. ರೈಲಿನಲ್ಲಾದರೂ ಹೋಗೋಣವೆಂದರೆ, ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ 57 ಸುರಂಗಗಳನ್ನು ಹಾಯ್ದು ಇಳಿಯುವ ರೈಲುದಾರಿಯ ಮೇಲೂ ಗುಡ್ಡವು ಬಿದ್ದಿತ್ತು. ಮರುವರ್ಷ, 2019ರ ಆಗಸ್ಟಿನಲ್ಲಿ, ಚಾರ್ಮಾಡಿಯ ಸರದಿ.

ಮಹನೀಯರೇ, ಇದರಲ್ಲಿರುವ ಸೂಕ್ಷ್ಮವನ್ನು ನೋಡಿರಿ. ನಮಗೆ ಎರಡು ಮೂರು ದಾರಿಗಳಿವೆಯೆಂದು ನಾವು ಧೈರ್ಯವಾಗಿದ್ದೆವು. ಆದರೆ ಆ ಎಲ್ಲ ದಾರಿಗಳೂ ಒಂದೇ ಬೆಟ್ಟದ ಸಾಲಿನ ಮೇಲೆ, ಒಂದೇ ಮಳೆಯ ಕೆಳಗೆ ಇದ್ದುವು. ಒಂದು ಮುರಿದ ದಿನವೇ ಇನ್ನೊಂದೂ ಮುರಿಯತಕ್ಕಂಥ ಆಸರೆಯನ್ನು ಎರಡನೆಯ ಆಸರೆಯೆಂದು ಎಣಿಸುವುದು ಹೇಗೆ?

ಇನ್ನು ಕರಾವಳಿಯ ಉದ್ದಕ್ಕೂ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯನ್ನು ಹೂತುಹಾಕಿತು. ದಾರಿಯ ಬದಿಯ ಚಹದ ಅಂಗಡಿಯೂ, ಅಲ್ಲಿ ನಿಂತಿದ್ದ ವಾಹನಗಳೂ, ಮನುಷ್ಯರೂ ಗಂಗಾವಳಿಯ ಪಾಲಾದರು. ಮರದ ದಿಮ್ಮಿಗಳನ್ನು ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಅದರ ಚಾಲಕನೊಡನೆ ನದಿಯ ತಳವನ್ನು ಸೇರಿತು. 70 ದಿನಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು, ಅದನ್ನು ಮೇಲಕ್ಕೆತ್ತಿದರು. ಒಬ್ಬ ಚಾಲಕನ ಮನೆಯವರು ಎರಡು ತಿಂಗಳಿಗೂ ಮಿಗಿಲಾಗಿ ಕಾದುದನ್ನು ನಾಡೆಲ್ಲವೂ ನೋಡಿತು. ನಮ್ಮ ಪದಾರ್ಥಗಳಿಗೆ ಕೊಡುವ ಬೆಲೆಯಲ್ಲಿ ಇಂಥ ಕಾಯುವಿಕೆಯ ಲೆಕ್ಕವು ಎಲ್ಲಿಯೂ ಸೇರಿಲ್ಲ.

ದಾರಿಯು ಉದ್ದವಾಗಿದ್ದರೆ ಮಾತ್ರ ಅಪಾಯವೆಂದು ತಿಳಿಯಬಾರದು. ಮೈಸೂರಿನಿಂದ ಚಾಮರಾಜನಗರಕ್ಕೆ ಸುಮಾರು 60 ಕಿಲೋಮೀಟರು. ಬೆಟ್ಟವಿಲ್ಲ, ನದಿಯ ಪ್ರವಾಹವಿಲ್ಲ. 2021ರ ಮೇ ತಿಂಗಳ 2ನೆಯ ತಾರೀಖಿನ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಅಸುನೀಗಿದರು. ಎಷ್ಟು ಮಂದಿ ಪ್ರಾಣವಾಯುವಿನ ಕೊರತೆಯಿಂದಲೇ ಹೋದರೆಂಬ ವಿಷಯದಲ್ಲಿ ಮುಂದೆ ವಾದವಿವಾದಗಳಾದುವು, ವಿಚಾರಣೆಯೂ ನಡೆಯಿತು. ಆದರೆ ಪ್ರಾಣವಾಯುವಿನ ಸಿಲಿಂಡರುಗಳು ಬೇರೆ ಜಿಲ್ಲೆಯಾದ ಮೈಸೂರಿನಿಂದ ವಾಹನದಲ್ಲಿ ಬರಬೇಕಾಗಿತ್ತೆಂಬುದರಲ್ಲಿ ಯಾರಿಗೂ ವಾದವಿರಲಿಲ್ಲ. ಜಿಲ್ಲೆಯಲ್ಲಿ ದಾಸ್ತಾನಿಲ್ಲದ ಆ ರಾತ್ರಿಯಲ್ಲಿ 60 ಕಿಲೋಮೀಟರು ಸಮುದ್ರದಷ್ಟು ದೂರವಾಯಿತು.

ಎರಡನೆಯದಾಗಿ ಗಾಲಿಯು ಮನುಷ್ಯರ ಕೈಯಿಂದಲೂ ನಿಲ್ಲುತ್ತದೆ. 2020ರ ಮಾರ್ಚಿಯಲ್ಲಿ ಮಹಾಮಾರಿಯ ಭಯದಿಂದ ದೇಶವೇ ಬಾಗಿಲು ಮುಚ್ಚಿದಾಗ, ಮೊದಲ ಕೆಲವು ದಿನ ಅಗತ್ಯದ ಸರಕಿಗೆ ಮಾತ್ರ ಅಪ್ಪಣೆಯಿತ್ತು. ಯಾವುದು ಅಗತ್ಯ, ಯಾವುದು ಅನಗತ್ಯವೆಂದು ದಾರಿಯಲ್ಲಿ ನಿಂತ ಪೇದೆಯು ತೀರ್ಮಾನಿಸಬೇಕಾಯಿತು. ಲಾರಿಗಳು ಸಾಲುಸಾಲಾಗಿ ನಿಂತುವು. ಢಾಬಾಗಳು ಮುಚ್ಚಿದ್ದುದರಿಂದ ದೇಶಕ್ಕೆ ಅನ್ನವನ್ನು ಹೊರುವ ಚಾಲಕರಿಗೇ ಅನ್ನವಿಲ್ಲದಂತಾಯಿತು. ಔಷಧಿಯು ಅಗತ್ಯವಾದರೆ ಅದನ್ನು ತುಂಬುವ ಶೀಷೆಯೂ ರಟ್ಟಿನ ಪೆಟ್ಟಿಗೆಯೂ ಅಗತ್ಯವಲ್ಲವೇ? ಕಡೆಗೆ ಮಾರ್ಚ್ 29ರಂದು ಕೇಂದ್ರ ಸರಕಾರವು ಅಗತ್ಯ ಅನಗತ್ಯವೆಂಬ ಭೇದವಿಲ್ಲದೆ ಎಲ್ಲ ಸರಕನ್ನೂ ಬಿಡಬೇಕೆಂದು ತಿಳಿಸಬೇಕಾಯಿತು.

ಅದೇ ದಿನಗಳಲ್ಲಿ ನಮ್ಮ ನಾಡಿನ ಗಡಿಯಲ್ಲಿಯೇ ಒಂದು ಕೆಲಸವಾಯಿತು. ಅದನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಬರುವ ತಲಪಾಡಿಯ ದಾರಿಯನ್ನು ನಮ್ಮವರು ಅಡ್ಡಗಟ್ಟಿದರು. ಗಡಿಯ ಹಲವು ದಾರಿಗಳ ಮೇಲೆ ಮಣ್ಣನ್ನೇ ಸುರಿದರು. ಕಾಸರಗೋಡಿನ ರೋಗಿಗಳಿಗೆ ಮಂಗಳೂರೇ ಆಸ್ಪತ್ರೆ. ಅಲ್ಲಿನ ಪೇಟೆಗೆ ಮಂಗಳೂರೇ ಮಂಡಿ. ಚಿಕಿತ್ಸೆಗೆ ಬರಲಾರದೆ ಜನರು ಸತ್ತರೆಂಬ ದೂರುಗಳು ಎದ್ದುವು. ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ಅಡ್ಡಗಟ್ಟನ್ನು ತೆಗೆಯಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ಸಂಗತಿಯು ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಗಿ ಏಪ್ರಿಲ್ 7ರಂದು ಎರಡೂ ಕಡೆಯವರ ಒಪ್ಪಿಗೆಯಿಂದ ಮುಗಿಯಿತು. ಭಾರತದೊಳಗೆ ವ್ಯಾಪಾರ ವ್ಯವಹಾರ ಸಂಚಾರಗಳು ಮುಕ್ತವಾಗಿರತಕ್ಕದ್ದೆಂದು ನಮ್ಮ ಸಂವಿಧಾನದ 301ನೆಯ ಅನುಚ್ಛೇದವು ಹೇಳುತ್ತದೆ. ಕನ್ನಡ ನಾಡುಗಳನ್ನು ಒಂದುಗೂಡಿಸಬೇಕೆಂದು ದುಡಿದವರು, ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳ ಗಡಿಗಳಿಂದ ಜನಕ್ಕಾದ ಕಷ್ಟವನ್ನು ಕಂಡವರು. 1956ರಲ್ಲಿ ನಾಡು ಒಂದಾದ ಮೇಲೂ ಹೊರಗುಳಿದ ಕಾಸರಗೋಡಿನ ಕನ್ನಡಿಗರ ಮುಂದೆ ನಾವೇ ಮಣ್ಣಿನ ಗೋಡೆಯನ್ನು ಎಬ್ಬಿಸಿದೆವೆಂದರೆ ಅದಕ್ಕೆ ಏನು ಸಮಾಧಾನ ಹೇಳಬಹುದು? ರೋಗವನ್ನು ತಡೆಯಬೇಕಾದುದು ನಿಜ. ತಪಾಸಣೆಯಿಂದ ತಡೆಯಬೇಕು, ಮಣ್ಣಿನ ರಾಶಿಯಿಂದಲ್ಲ.

ಮೂರನೆಯದಾಗಿ, ಗಾಲಿಯನ್ನು ತಿರುಗಿಸುವವನೇ ಕೈಬಿಟ್ಟರೆ ಅದು ನಿಲ್ಲುತ್ತದೆ. ಇದೇ ನನ್ನ ಮಾತಿನ ಮುಖ್ಯ ಭಾಗ.

2023ರ ಡಿಸೆಂಬರಿನಲ್ಲಿ ಸಂಸತ್ತು ಭಾರತೀಯ ನ್ಯಾಯ ಸಂಹಿತೆಯನ್ನು ಅಂಗೀಕರಿಸಿತು. ಅಜಾಗರೂಕತೆಯಿಂದ ಮರಣವನ್ನುಂಟುಮಾಡಿದವನಿಗೆ ಹಳೆಯ ದಂಡ ಸಂಹಿತೆಯ 304ಎ ವಿಧಿಯಲ್ಲಿ ಎರಡು ವರ್ಷಗಳ ವರೆಗೆ ಶಿಕ್ಷೆಯಿತ್ತು. ಹೊಸ ಸಂಹಿತೆಯ 106ನೆಯ ವಿಧಿಯು ಅದನ್ನು ಐದು ವರ್ಷಗಳಿಗೆ ಏರಿಸಿತು. ಅದರ ಎರಡನೆಯ ಉಪವಿಧಿಯು, ವಾಹನದಿಂದ ಮರಣವನ್ನುಂಟುಮಾಡಿ ಪೋಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಬೇಗನೆ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷಗಳ ವರೆಗೆ ಸೆರೆಯನ್ನೂ ಜುಲ್ಮಾನೆಯನ್ನೂ ವಿಧಿಸಿತು. 2024ರ ಜನವರಿ 1ರಂದು ಉತ್ತರ ಮತ್ತು ಪಶ್ಚಿಮ ಭಾರತದ ಹಲವು ಕಡೆಗಳಲ್ಲಿ ಚಾಲಕರು ಲಾರಿಗಳನ್ನು ದಾರಿಯ ಬದಿಗೆ ನಿಲ್ಲಿಸಿ ಕೆಳಗಿಳಿದರು. ಎರಡೇ ದಿನ! ಅಷ್ಟರಲ್ಲಿ ಪೆಟ್ರೋಲು ಬಂಕುಗಳ ಮುಂದೆ ಜನರು ಮೈಲುಗಟ್ಟಲೆ ಸಾಲು ನಿಂತರು. ಜನವರಿ 2ರ ರಾತ್ರಿ ಸರಕಾರವು ಲಾರಿಯವರ ಸಂಘದೊಡನೆ ಮಾತನಾಡಿ, ಅವರನ್ನು ವಿಚಾರಿಸದೆ ಆ ಉಪವಿಧಿಯನ್ನು ಜಾರಿಗೆ ತರುವುದಿಲ್ಲವೆಂದು ವಚನವಿತ್ತಿತು. 2024ರ ಜುಲೈ 1ರಂದು ಸಂಹಿತೆಯು ಜಾರಿಗೆ ಬಂದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು.

ವಕೀಲನಾದ ನಾನು ಈ ವಿಷಯದ ಎರಡು ಮುಖಗಳನ್ನೂ ಹೇಳಬೇಕು. ದಾರಿಯಲ್ಲಿ ಬಿದ್ದು ಸಾಯುವವನು ನಮ್ಮವನೇ. ಗಾಯಗೊಂಡವನನ್ನು ಕತ್ತಲಲ್ಲಿ ಬಿಟ್ಟು ಓಡಿಹೋಗುವುದನ್ನು ಯಾವ ಧರ್ಮವೂ ಒಪ್ಪದು. ಅದಕ್ಕೆ ಕಠಿನ ಶಿಕ್ಷೆ ಬೇಕೆಂದವರ ಮಾತಿನಲ್ಲಿ ನ್ಯಾಯವಿದೆ. ಆದರೆ ಚಾಲಕನ ಮಾತನ್ನೂ ಕೇಳಬೇಡವೇ? ಅಪಘಾತವಾದ ಕೂಡಲೆ, ತಪ್ಪು ಯಾರದೆಂದು ವಿಚಾರಿಸುವ ಮೊದಲೇ, ದೊಡ್ಡ ವಾಹನದವನ ಮೇಲೆ ಜನರು ಕೈಮಾಡುವುದು ನಮ್ಮ ದೇಶದಲ್ಲಿ ಎಲ್ಲರೂ ಬಲ್ಲ ಸಂಗತಿ. 1988ರ ಮೋಟಾರು ವಾಹನ ಶಾಸನದ 134ನೆಯ ವಿಧಿಯು ಗಾಯಾಳುವನ್ನು ವೈದ್ಯರಲ್ಲಿಗೆ ಒಯ್ಯುವುದು ಚಾಲಕನ ಕರ್ತವ್ಯವೆಂದು ವಿಧಿಸಿ, ಜನರ ಗುಂಪಿನ ರೋಷದಿಂದ ಅದು ಅಸಾಧ್ಯವಾದ ಸಂದರ್ಭಕ್ಕೆ ವಿನಾಯಿತಿಯನ್ನೂ ಇಟ್ಟಿದೆ. ಶಾಸನವನ್ನು ಬರೆದವರೇ ನಮ್ಮ ಸಿಟ್ಟಿಗೆ ಅಂಜಿ ಈ ಮಾತನ್ನು ಸೇರಿಸಬೇಕಾಯಿತೆಂದರೆ, ನಾಗರಿಕರಾದ ನಮಗೆ ಅದು ಹೆಮ್ಮೆಯ ಮಾತಲ್ಲ. ಓಡಿಹೋದವನಿಗೆ ಹತ್ತು ವರ್ಷವೆಂದು ಹೇಳುವ ಮೊದಲು, ನಿಂತವನ ಪ್ರಾಣಕ್ಕೆ ರಕ್ಷೆಯುಂಟೆಂದು ಹೇಳುವ ಧೈರ್ಯವು ನಮಗಿರಬೇಕು.

ಈ ಮನುಷ್ಯನ ಜೀವನವಾದರೂ ಎಂಥದು? ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ದೊಡ್ಡ ಕಂಪೆನಿಗಳವಲ್ಲ. ಸಾಲಮಾಡಿ ಒಂದೆರಡು, ಹೆಚ್ಚೆಂದರೆ ನಾಲ್ಕೈದು ಲಾರಿಗಳನ್ನು ಇಟ್ಟುಕೊಂಡ ಸಣ್ಣ ಮಾಲಕರವು. ಮಾಲಕನಿಗೆ ಬಾಡಿಗೆಯನ್ನು ಗೊತ್ತುಮಾಡುವವನು ಏಜಂಟ. ಬಾಡಿಗೆಯಲ್ಲಿ ಡೀಸೆಲು ನುಂಗುವುದೇ ದೊಡ್ಡ ತುತ್ತು. ಆಮೇಲೆ ಸುಂಕದ ಕಟ್ಟೆ, ಟೈರು, ವಿಮೆ, ಸಾಲದ ಕಂತು. ಮರಳುವಾಗ ಸರಕು ಸಿಕ್ಕದಿದ್ದರೆ ಖಾಲಿ ಲಾರಿಯ ಖರ್ಚು ತಲೆಯ ಮೇಲೆ. ಉಳಿಯುವುದು ಚಾಲಕನ ನಿದ್ದೆಯೊಂದೇ. ಅದರಲ್ಲಿಯೇ ಎಲ್ಲರೂ ಕಡಿತಮಾಡುತ್ತಾರೆ. ಎರಡು ದಿನದ ದಾರಿಯನ್ನು ಒಂದೂವರೆ ದಿನದಲ್ಲಿ ಮುಗಿಸಿದವನೇ ಒಳ್ಳೆಯ ಚಾಲಕನೆನಿಸಿಕೊಳ್ಳುತ್ತಾನೆ.

ಶಾಸನವಿಲ್ಲವೇ ಎಂದು ತಾವು ಕೇಳಬಹುದು. 1961ರಲ್ಲಿಯೇ ಮೋಟಾರು ಸಾರಿಗೆ ಕಾರ್ಮಿಕರ ಶಾಸನವು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳ ಮೇಲೆ ದುಡಿಸಬಾರದೆಂದೂ, ದೂರದ ಪ್ರಯಾಣಗಳಿಗೆ ಅನುಮತಿಯಿಂದ ಹತ್ತು ಗಂಟೆಯ ವರೆಗೆ ಏರಿಸಬಹುದೆಂದೂ ವಿಧಿಸಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದು ಆ ಶಾಸನವು ಅವುಗಳಲ್ಲಿ ಲೀನವಾಯಿತು. ಅರವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಪುಸ್ತಕದಲ್ಲಿದ್ದ ಈ ನಿಯಮವನ್ನು ಹೆದ್ದಾರಿಯ ಮೇಲೆ ಕಂಡವರೆಷ್ಟು ಮಂದಿ? ಈಚೆಗೆ ಬಂದ ಒಂದು ಒಳ್ಳೆಯ ನಿಯಮವನ್ನೂ ಹೇಳಬೇಕು: 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಲ್ಲಿ ಚಾಲಕನ ಕೋಣೆಗೆ ತಂಪುಯಂತ್ರವಿರಲೇಬೇಕು. ಕಾರಿನಲ್ಲಿ ಒಂದು ಗಂಟೆ ಕುಳಿತುಕೊಳ್ಳುವವನಿಗೆ ಎಷ್ಟೋ ಕಾಲದಿಂದ ಸಿಕ್ಕಿರುವ ಸೌಕರ್ಯವು, ಯಂತ್ರದ ಕಾವಿನ ಮಗ್ಗುಲಲ್ಲಿ ದಿನವೆಲ್ಲ ಕುಳಿತುಕೊಳ್ಳುವವನಿಗೆ ಈಗ ಸಿಕ್ಕಿತು.

ಇದು ಬಡ ದೇಶಗಳ ಪಾಡು ಎಂದೂ ತಿಳಿಯಬಾರದು. 2000ದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ರೈತರೂ ಲಾರಿಯವರೂ ಕೂಡಿ ಇಂಧನದ ತೆರಿಗೆಯನ್ನು ವಿರೋಧಿಸಿ ತೈಲಾಗಾರಗಳ ಬಾಗಿಲುಗಳಲ್ಲಿ ನಿಂತರು. ಒಂದು ವಾರದೊಳಗೆ ದೇಶದ ಬಹುಪಾಲು ಪೆಟ್ರೋಲು ಬಂಕುಗಳು ಬರಿದಾಗಿ, ಆಸ್ಪತ್ರೆಗಳೂ ಅಂಗಡಿಗಳೂ ತತ್ತರಿಸಿದುವು. ಅಷ್ಟು ಸಂಪತ್ತಿನ ದೇಶವೂ ದಾಸ್ತಾನನ್ನು ದಾರಿಯ ಮೇಲೆಯೇ ಇಟ್ಟುಕೊಂಡಿತ್ತು.

ಹಾಗಾದರೆ ನಾವು ಮಾಡತಕ್ಕದ್ದೇನು? ಲಾರಿಯನ್ನು ಬಿಟ್ಟು ಎತ್ತಿನ ಗಾಡಿಗೆ ಮರಳುವುದು ಸಾಧ್ಯವೂ ಅಲ್ಲ, ಬೇಕಾದುದೂ ಅಲ್ಲ. ನನ್ನ ಅಲ್ಪಮತಿಗೆ ತೋರುವುದು ಮೂರು ಕೆಲಸಗಳು.

ಮೊದಲನೆಯದು ದಾಸ್ತಾನು. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಧಾನ್ಯ, ಇಂಧನ, ಔಷಧ, ಪ್ರಾಣವಾಯು, ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಇವು ದಾರಿ ಮುಚ್ಚಿದರೆ ಎಷ್ಟು ದಿನಕ್ಕೆ ಸಾಕಾಗುವುವೆಂಬ ಲೆಕ್ಕವು ಪುರಸಭೆಯ ಬಾಗಿಲಿನಲ್ಲಿ ತೂಗಬೇಕು. ಕೂಡಿಡುವುದೆಂದರೆ ಕಾಳಸಂತೆಯಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಅಲ್ಲ. ಬೆಲೆಯೇರಲೆಂದು ಕದ್ದು ಕೂಡಿಡುವುದು ಅಪರಾಧ. ಅದಕ್ಕೆ 1955ರ ಅಗತ್ಯ ವಸ್ತುಗಳ ಶಾಸನವುಂಟು. ಎಲ್ಲರಿಗೂ ತಿಳಿಯುವಂತೆ, ಎಲ್ಲರಿಗಾಗಿ, ಲೆಕ್ಕವಿಟ್ಟು ಕೂಡಿಡುವುದು ಊರಿನ ಧರ್ಮ. ಅದಕ್ಕೆ ಖರ್ಚು ತಗಲುವುದು ನಿಜ. ಆ ಖರ್ಚನ್ನು ವರ್ತಕನೊಬ್ಬನ ತಲೆಗೆ ಕಟ್ಟದೆ ಸಾರ್ವಜನಿಕ ಹಣದಿಂದ ಕೊಡತಕ್ಕದ್ದು.

ಎರಡನೆಯದು ಬೇರೆ ಬಗೆಯ ದಾರಿ. ಒಂದೇ ಬೆಟ್ಟದಲ್ಲಿ ಇನ್ನೊಂದು ಹೆದ್ದಾರಿಯನ್ನು ಕಡಿದರೆ ಅಪಾಯವು ಇಮ್ಮಡಿಯಾದೀತೇ ಹೊರತು ಆಸರೆಯು ಇಮ್ಮಡಿಯಾಗದು; ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಮಳೆಯಲ್ಲಿ ಅದು ಜಾರುವುದೆಂಬುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ತೈಲದ ಕೊಳವೆಯನ್ನು ಹಾಕಿದುದರಿಂದ ಎಷ್ಟೋ ಟ್ಯಾಂಕರುಗಳು ಘಟ್ಟ ಹತ್ತುವುದು ತಪ್ಪಿತು. ಕೊಂಕಣ ರೈಲ್ವೆಯವರು 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಒಯ್ಯುವ ಪದ್ಧತಿಯನ್ನು ನಡೆಯಿಸಿದರು. ಮುಂದೆ ಅದು ನಮ್ಮ ಸುರತ್ಕಲ್ಲಿನ ವರೆಗೂ ಬಂತು. ಚಾಲಕನಿಗೆ ಆ ರಾತ್ರಿ ನಿದ್ದೆಯೂ ಆಯಿತು, ಸರಕೂ ಮುಂದೆ ಹೋಯಿತು. ಇಂಥವನ್ನು ಹೆಚ್ಚಿಸುವುದು ಜಾಣತನ. ಕಡಲ ದಾರಿಯಂತೂ ಯಾರೂ ಕಡಿಯಬೇಕಾಗಿಲ್ಲದೆ ಬಿದ್ದುಕೊಂಡಿದೆ.

ಮೂರನೆಯದು ಚಾಲಕನಿಗೆ ಸಲ್ಲತಕ್ಕ ಮರ್ಯಾದೆ. ಹೆದ್ದಾರಿಯ ಬದಿಯಲ್ಲಿ ಲಾರಿಯನ್ನು ನಿರ್ಭಯವಾಗಿ ನಿಲ್ಲಿಸಿ ಸ್ನಾನಮಾಡಿ ಮಲಗತಕ್ಕ ತಂಗುದಾಣಗಳು ಬೇಕು. ಬಾಡಿಗೆಯ ಬಾಕಿಯು ಗೊತ್ತಾದ ದಿನಕ್ಕೆ ಕೈಸೇರಬೇಕು. ದುಡಿಮೆಯ ಗಂಟೆಗಳ ನಿಯಮವು ಪುಸ್ತಕದಿಂದ ದಾರಿಗೆ ಇಳಿಯಬೇಕು. ಅದನ್ನು ಮೀರಿದುದಕ್ಕೆ ಚಾಲಕನನ್ನಲ್ಲ, ಮೀರಿಸಿದವನನ್ನು ಹಿಡಿಯಬೇಕು. ಇದರಿಂದ ಬೇಳೆಯ ಬೆಲೆಯು ಸೇರಿಗೆ ಕೆಲವು ಪೈಸೆ ಏರಿದರೆ ಏರಲಿ. ನಿದ್ದೆಗೆಟ್ಟವನ ಕೈಯಲ್ಲಿ ಹತ್ತಿಪ್ಪತ್ತು ಟನ್ನು ಭಾರವನ್ನು ಕೊಟ್ಟು, ಅದೇ ದಾರಿಯಲ್ಲಿ ನಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುವ ಅಗ್ಗದ ಲೆಕ್ಕವು ನಮಗೆ ಬೇಡ.

ಉಪಾಧ್ಯಾಯ ಬಂಧುಗಳೇ, ತಮ್ಮಲ್ಲಿ ನನ್ನದೊಂದು ವಿಶೇಷ ಬಿನ್ನಹ. ಭೂಗೋಳದ ಪಾಠದಲ್ಲಿ ನದಿ ಪರ್ವತಗಳ ಹೆಸರನ್ನು ಕಲಿಸುತ್ತೀರಿ. ಅದರೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದೇ ಒಂದು ಪದಾರ್ಥವನ್ನು ಆರಿಸಿಕೊಂಡು, ಅದು ಯಾವ ಹೊಲದಿಂದ ಯಾವ ಮಂಡಿಗೆ, ಯಾವ ಘಟ್ಟವನ್ನು ದಾಟಿ, ಯಾರ ಕೈಯಿಂದ ಬಂತೆಂದು ಅಂಗಡಿಯವನನ್ನೂ ಹಮಾಲನನ್ನೂ ಲಾರಿಯ ಚಾಲಕನನ್ನೂ ಕೇಳಿ ಬರೆದುಕೊಂಡು ಬರಲಿ. ಆ ದಾರಿಯಲ್ಲಿ ಎಲ್ಲಿ ಮುರಿದರೆ ತನ್ನ ಮನೆಗೆ ಅದು ತಪ್ಪುವುದೆಂದು ಗುರುತು ಹಾಕಲಿ. ಹೀಗೆ ಕಲಿತ ಹುಡುಗನು ನಾಳೆ ಪುರಸಭೆಯ ಸದಸ್ಯನಾದಾಗ ದಾಸ್ತಾನಿನ ಲೆಕ್ಕವನ್ನು ಕೇಳದೆ ಬಿಡಲಾರ. ದಾರಿಯಲ್ಲಿ ಅಪಘಾತವನ್ನು ಕಂಡಾಗ ಗುಂಪಿನೊಡನೆ ಸೇರಿ ಕೈಯೆತ್ತಲಾರ.

ಕಾನೂನುಗಳನ್ನು ಮಾಡುವುದು ಸರಕಾರದ ಕೆಲಸ. ಅದನ್ನು ಕೇಳಿ ಮಾಡಿಸಿಕೊಳ್ಳುವುದು ನಮ್ಮ ಕೆಲಸ. ಮುಂದಿನ ಮಳೆಗಾಲಕ್ಕೆ ಮುಂಚೆಯೇ, ನಮ್ಮ ಊರಿನಲ್ಲಿ ಎಷ್ಟು ದಿನದ ಅನ್ನವಿದೆ, ಎಷ್ಟು ದಿನದ ಔಷಧವಿದೆ, ನಮ್ಮ ಎಲ್ಲೆಯೊಳಗೆ ಚಾಲಕನು ತಂಗಲು ಎಲ್ಲಿ ಜಾಗವಿದೆ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಪುರಸಭೆಗೆ ಬರೆದು ಕಳುಹಿಸಬೇಕೆಂದು ಈ ಸಭೆಯು ನಿರ್ಣಯವನ್ನು ಮಾಡಲೆಂದು ಸೂಚಿಸುತ್ತೇನೆ. ಉತ್ತರವು ಬರುವ ವರೆಗೆ ಬಿಡದೆ ಕೇಳೋಣ.